ಪಟ್ಟಿ ಕೊಟ್ಟ ಮ್ಯಾಲಿನ ಮಿರ್ಚಿ: ಬ್ಯಾಡಗಿ ದಿವಾನಜಿಯೊಬ್ಬರ ಕೇಸ್

ಇದು ಬ್ಯಾಡಗಿಯ ಒಬ್ಬ ದಿವಾನಜಿಯವರ ಕೇಸ್. ದಿವಾನಜಿ ಅಂದ್ರ ನಮ್ಮ ಕಡೆ ದಲಾಲಿ ಅಂಗಡಿಯೊಳಗ ಲೆಕ್ಕಾ ಬರಿಯೋ ಗುಮಾಸ್ತರು, ಬೆಂಗಳೂರ ಕಡ್ಯಾವರಿಗೆ ಗೊತ್ತಿರಲಿಕ್ಕಿಲ್ಲ ಅಂತ ಮೊದಲ ಹೇಳಿಬಿಟ್ಟೆ. ಅವರ ಒಪ್ಪಿಗಿ ತಗೊಂಡ ಬರಿಯಾಕತ್ತೇನಿ, ಹೆಸರು ಬ್ಯಾಡ ಅಂದಾರ, ಅಂಗಡಿ ಹೆಸರಂತೂ ಬ್ಯಾಡವ ಬ್ಯಾಡ ಅಂದಾರ, ಮನಿ ವಿಷಯದಾಗಿನ ಒಂದೆರಡು ಸಣ್ಣ ವಿವರ ನಾನ ಬದಲ ಮಾಡೇನಿ. ನಾನು ಹುಬ್ಬಳ್ಳಿಯಾಕಿ, ಡಯೆಟಿಷಿಯನ್, ಶನಿವಾರಕ್ಕೊಮ್ಮೆ ಹಾವೇರಿಗೆ ಬಂದು ಒಂದ ಸಣ್ಣ ಕ್ಲಿನಿಕ್‌ನ್ಯಾಗ ಕುಂದ್ರತೇನಿ.

2025ರ ಜನವರಿಯೊಳಗ ಒಂದ ಶನಿವಾರ ಗಂಡ ಹೆಂಡತಿ ಇಬ್ಬರೂ ಬ್ಯಾಡಗಿ ಬಸ್ ಹತ್ತಿ ಬಂದಿದ್ರು. ಅವರಿಗೆ 48, ಒಂದ ಅಂಗಡಿಯೊಳಗ 22 ವರ್ಷದಿಂದ ಕೆಲಸ. ಎತ್ತರ 165 ಸೆಂಟಿಮೀಟರ್, ತೂಕ 86 ಕೆಜಿ, ಅಂದ್ರ ಬಿಎಂಐ (ಎತ್ತರಕ್ಕ ತಕ್ಕ ತೂಕದ ಲೆಕ್ಕ) 31ರ ಮ್ಯಾಲ, ನಮ್ಮ ಭಾರತದ ಮಂದಿಗೆ 25 ದಾಟಿದ್ರನ ಬೊಜ್ಜು ಅಂತ ಲೆಕ್ಕ. ಸೊಂಟದ ಸುತ್ತಳತಿ 104, ಗಂಡಸರಿಗೆ 90ರ ಒಳಗಿರಬೇಕು. ಬಿಪಿ 142/90. ಮೂರು ತಿಂಗಳ ಸಕ್ಕರಿ ಅಂತಾರಲ್ಲ, ಎಚ್‌ಬಿಎ1ಸಿ, ಅದು 6.2. 5.7ರಿಂದ 6.4ರ ತನಕ ಇದ್ರ ಶುಗರ್ ಬಾಗಿಲಿಗೆ ಬಂದು ನಿಂತೈತಿ ಅಂತ ಅರ್ಥ, ಒಳಗ ಬಂದಿಲ್ಲ. ಅವರ ಡಾಕ್ಟರ್ ಗುಳಗಿ ಶುರು ಮಾಡೋಕಿಂತ ಮೊದಲ ಒಂದಿಷ್ಟ ತಿಂಗಳ ಊಟದ ಮ್ಯಾಲ ನೋಡೋಣು ಅಂತ ನನ್ನ ಕಡೆ ಕಳಿಸಿದ್ರು.

ಹೆಂಡತಿನ ಮಾತು ಶುರು ಮಾಡಿದ್ರು. "ಮೇಡಂ, ಮನ್ಯಾಗ ಎರಡ ರೊಟ್ಟಿ ಮ್ಯಾಲ ಮೂರನೇದ್ದು ಮುಟ್ಟಂಗಿಲ್ಲ ಇವರು. ಅನ್ನಾ ಬಿಟ್ಟು ವರ್ಷ ಆತು. ರಾತ್ರಿ ಎಷ್ಟೋ ದಿನ ಒಂದ ವಾಟಗಾ ಮಜ್ಜಿಗಿ ಕುಡದ ಮಲಕೋತಾರ. ಗಾಳಿ ಕುಡದ ದಪ್ಪ ಆಗ್ತಾರೇನ್ರೀ ಮನಷ್ಯಾ?" ಅವರು ನೆಲಾ ನೋಡಕೋತ ಕುಂತಿದ್ರು, ಅಂಗಿ ಕಿಸೆದಾಗ ಪೆನ್ನಿನ ಬಾಜೂಕ ಮಡಚಿದ ಪೇಪರ್ ತುಂಡು ಇತ್ತು, ಎಣ್ಣಿ ಹತ್ತಿ ತೆಳ್ಳಗಾಗಿತ್ತು. ನಾನೇನೂ ಕೇಳಲಿಲ್ಲ. ಹೆಂಡತಿ ಚೀಟಿ ಮಾಡಿಸಾಕ ಹೊರಗ ಹೋದಮ್ಯಾಲ ಅವರ ಹೇಳಿದ್ರು, ಭಾಳ ಸಣ್ಣ ದನಿಯಾಗ, "ಹೊರಗ ತಿಂತೇನ್ರಿ. ಆಕಿಗೆ ಗೊತ್ತಿಲ್ಲ."

ಎಲ್ಲೆ ತಿಂತೀರಿ ಅಂದೆ. ಅಂಗಡಿ ಹಿಂದ ಚೀಲದ ಥಪ್ಪಿ ನಡುವ ಅಂದ್ರು. ಮೆಣಸಿನಕಾಯಿ ಗೋಡೌನ್ ಒಳಗ ಹೋದವರಿಗೆ ಗೊತ್ತಿರತೈತಿ, ಘಾಟಿಗೆ ಎರಡ ನಿಮಿಷದಾಗ ಸೀನು ಶುರು ಆಗ್ತಾವ, ಕಣ್ಣೀರು ಬರ್ತಾವ. ಅದಕ್ಕ ಅಲ್ಲೆ ಯಾರೂ ಸುಳಿಯಂಗಿಲ್ಲ, ಇವರಿಗೆ 22 ವರ್ಷದ ರೂಢಿ. ಅಲ್ಲೆ ಲೈಟ್ ಹಾಕಲಾರದ ನಿಂತಕೊಂಡ ಆರು, ಏಳು, ಒಂದೊಂದ ದಿನ ಎಂಟು ಮಿರ್ಚಿ ಭಜಿ. ಕುಂತು ತಿಂತೀರೋ ನಿಂತು ತಿಂತೀರೋ ಅಂತ ಕೇಳೋದು ನನ್ನ ಚಟ, ನಿಂತು ತಿಂತೇನಿ ಅನ್ನೋವರ ಕೇಸ್ ಸಾಮಾನ್ಯವಾಗಿ ಹೊಟ್ಟೀದು ಇರಂಗಿಲ್ಲ.

ಹಿಂದ ಮಾಡಿದ ಪ್ರಯತ್ನಗಳ ಪಟ್ಟಿ ಉದ್ದ ಇತ್ತು. ಗ್ರೀನ್ ಟೀ, ಮೆಂತೆ ನೀರು, ಯಾರೋ ವಾಟ್ಸಾಪ್‌ನ್ಯಾಗ ಕಳಿಸಿದ ಡಯೆಟ್ ಚಾರ್ಟ್, ಒಂದ ಸರ್ತಿ ನಾಕು ತಿಂಗಳದಾಗ 9 ಕೆಜಿ ಇಳಿಸಿ ಆಮ್ಯಾಲ 11 ಕೆಜಿ ಏರಿಸಿಕೊಂಡಿದ್ರು. ಎಲ್ಲಾದರಾಗೂ ತಿನ್ನೋದನ್ನ ಕಸಗೊಂಡಿದ್ರು, ಆ ತಿನ್ನೋದು ಏನ ಕೆಲಸ ಮಾಡತಿತ್ತು ಅಂತ ಯಾರೂ ಕೇಳಿದ್ದಿಲ್ಲ.

ಮೊದಲ ನಾನು ಒಂದ ವಿಷಯ ಖಾತ್ರಿ ಮಾಡಕೋಬೇಕಿತ್ತು. ಬಿಂಜ್ ಈಟಿಂಗ್ ಅಂತ ಒಂದ ಕಾಯಿಲೆ ಐತಿ, 2013ರೊಳಗ ಡಿಎಸ್‌ಎಂ-5 ಅನ್ನೋ ಮಾನಸಿಕ ಕಾಯಿಲೆಗಳ ಕೈಪಿಡಿ ಬಂದಾಗ ಅದಕ್ಕ ತನ್ನದ ಹೆಸರು, ಜಾಗಾ ಸಿಕ್ಕತು: ಕಮ್ಮಿ ವ್ಯಾಳ್ಯಾದಾಗ ವಿಪರೀತ ತಿನ್ನೋದು, ನಿಲ್ಲಸಾಕ ಆಗ್ಲಾರದಂಗ ಅನಸೋದು, ಆಮ್ಯಾಲ ಅಸಹ್ಯ ಪಟಗೊಳ್ಳೋದು, ಹಿಂಗ ವಾರಕ್ಕೊಮ್ಮೆರ ಮೂರು ತಿಂಗಳ ನಡದಿದ್ರ ಅದು ಡಯೆಟಿಷಿಯನ್ ಒಬ್ಬಾಕಿನ ಕೆಲಸ ಅಲ್ಲ. ಇವರದು ಕದ್ದು ತಿನ್ನೋದಿತ್ತು, ಅಸಹ್ಯ ಇತ್ತು, ಆದ್ರ ಪ್ರಮಾಣ ಅಷ್ಟ ವಿಪರೀತ ಇರಲಿಲ್ಲ, ಏಳು ಮಿರ್ಚಿ ತಿಂದ ಮ್ಯಾಲ ನಿಲ್ಲಸಾಕ ಆಗತಿತ್ತು. ಪಿಎಚ್‌ಕ್ಯೂ-9 ಅಂತ ಖಿನ್ನತೆ ಅಳಿಯೋ ಒಂಬತ್ತ ಪ್ರಶ್ನಿ ಕೇಳಿದೆ, 7 ಬಂತು, ಅಂದ್ರ ಸೌಮ್ಯ, ಜೀವಕ್ಕೇನರ ಮಾಡಕೋಬೇಕು ಅನ್ನೋ ವಿಚಾರ ಇಲ್ಲ ಅಂದ್ರು. ಆದ್ರೂ ಪರಿಚಯದ ಒಬ್ಬ ಸೈಕಿಯಾಟ್ರಿಸ್ಟ್ ಹತ್ರ ಫೋನ್‌ನ್ಯಾಗ ಮಾತಾಡಿ, ಸದ್ಯ ನೀವ ನೋಡ್ರಿ, ಹೆಚ್ಚಾದ್ರ ಕಳಿಸ್ರಿ ಅನ್ನಿಸಿಕೊಂಡ ಮ್ಯಾಲನ ಮುಂದ ಹೋದೆ. ಧಾರವಾಡದಾಗ ಡಿಮ್ಹಾನ್ಸ್ ಅಂತ ಮಾನಸಿಕ ಆರೋಗ್ಯದ ಆಸ್ಪತ್ರಿ ಐತಿ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 14416 ಐತಿ, ಕನ್ನಡದಾಗನ ಮಾತಾಡಬಹುದು, ಚೀಟಿ ಹಿಂದ ಬರದ ಕೊಟ್ಟೆ. ನಮ್ಮ ಕಡೆ ಗಂಡಸರು ಈ ನಂಬರ್ ಇಸಗೋತಾರ, ಹಚ್ಚಂಗಿಲ್ಲ, ಆದ್ರೂ ಕೊಡಬೇಕು.

ಡಯೆಟ್ ಚಾರ್ಟ್ ಕೊಡಲಿಲ್ಲ. ಹೆಂಡತಿಗೆ ಇದು ಸರಿ ಅನಸಲಿಲ್ಲ, ಬಸ್ ಚಾರ್ಜ್ ಹಾಕ್ಕೊಂಡ ಬಂದು ಬರಿಗೈಲೆ ಹೋಗೋದೇನ್ರೀ ಅಂತ ಅಂದ ಬಿಟ್ರು. ಎರಡ ವಾರ ಒಂದ ನೋಟ್‌ಬುಕ್ ಬರೀರಿ ಅಂದೆ: ಎಷ್ಟ ಗಂಟೆಗೆ ತಿಂದ್ರಿ, ಏನ ತಿಂದ್ರಿ, ಅದಕಿಂತ ಅರ್ಧಾ ತಾಸ ಮೊದಲ ಏನ ಆಗಿತ್ತು, ಹಸಿವು ಹತ್ತಕ್ಕ ಎಷ್ಟಿತ್ತು. ಭಾಳ ಮಂದಿ ಈ ನೋಟ್‌ಬುಕ್ ಮೂರ ದಿನಾ ಬರೀತಾರ, ಉಳದದ್ದನ್ನ ಕ್ಲಿನಿಕ್‌ಗೆ ಬರೋ ಮುಂಜಾನೆ ಕುಂತು ಒಮ್ಮೆಲೆ ತುಂಬತಾರ, ಶಾಯಿ ನೋಡಿದ್ರ ಗೊತ್ತಾಗಿಬಿಡತೈತಿ.

ಇವರು ದಿವಾನಜಿ. ಎರಡ ವಾರ ಬಿಟ್ಟು ತಂದದ್ದು ಕೆಂಪ ಬಟ್ಟಿ ರಟ್ಟಿನ ಉದ್ದನ್ನ ವಹಿ, ಒಳಗ ಥೇಟ್ ಕಿರ್ದಿ, ಅಂದ್ರ ಅಂಗಡಿಯ ದಿನದ ಲೆಕ್ಕದ ವಹಿ. ಎಡಕ್ಕ ಜಮಾ, ಬಲಕ್ಕ ಖರ್ಚು. ಅರ್ಧಾ ತಾಸ ಮೊದಲ ಏನಾತು ಅನ್ನೋದು ಜಮಾ ಕಡೆ, ತಿಂದದ್ದು ಖರ್ಚಿನ ಕಡೆ. ನಾನು ಹಂಗ ಬರಿಯಾಕ ಹೇಳಿದ್ದಿಲ್ಲ, ಅವರಿಗೆ ಬ್ಯಾರೆ ಥರಾ ಬರಿಯಾಕ ಬರಂಗಿಲ್ಲ ಅಷ್ಟ. ಅವತ್ತಿನಿಂದ ನಾನು ಎಲ್ಲಾ ಪೇಷಂಟ್‌ಗೂ ಹಿಂಗ ಗೆರಿ ಹೊಡದ ಕೊಡತೇನಿ. ಅವರ ಅನುಮತಿಲೇ ಮೂರ ಸಾಲ ಇಲ್ಲೆ ಹಾಕತೇನಿ. ಪಟ್ಟಿ ಅಂದ್ರ ಮಾಲು ಮಾರಿದ ರೈತಗ ಕೊಡೋ ಲೆಕ್ಕದ ಕಾಗದ, ಖಾರಾ ಅಂದ್ರ ಕುರುಕಲ ತಿಂಡಿ.

"ಸೋಮವಾರ ಸಂಜೆ 4.30. ಜಮಾ: ಮುಂಜಾನೆ 8ಕ್ಕ ಅವಲಕ್ಕಿ, ಆಮ್ಯಾಲ ಚಹಾ 7. ಹಸಿವು 9. ಖರ್ಚು: ವಡಾಪಾವ್ 2, ಬಾಳೆಹಣ್ಣು 1."

"ಸೋಮವಾರ ರಾತ್ರಿ 7.45. ಜಮಾ: ಪಟ್ಟಿ 26. ರಾಯಚೂರ ಕಡೆ ರೈತ ಪಟ್ಟಿ ನೋಡಿ ಏನೂ ಅನ್ನಲಿಲ್ಲ, ಮಡಚಿ ಕಿಸೆದಾಗ ಇಟ್ಟ. ಹಸಿವು 2. ಖರ್ಚು: ಮಿರ್ಚಿ 7."

"ರವಿವಾರ 4 ಗಂಟೆ. ಜಮಾ: ಏನೂ ಇಲ್ಲ. ಹಸಿವು 3. ಖರ್ಚು: ಖಾರಾ, ಲೆಕ್ಕಾ ಸಿಕ್ಕಿಲ್ಲ."

14 ದಿನದಾಗ ಊಟ ನಾಷ್ಟಾ ಬಿಟ್ಟು 13 ನೋಂದು. ನಾಕು ನೋಂದು ನಾಕೂ ಮಾರ್ಕೆಟ್ ದಿನದ ಸಂಜೆ ನಾಕೂವರೆ ಸುಮಾರಿಗೆ, ಹಸಿವು 8, 9. ಐದು ನೋಂದು ರಾತ್ರಿ ಪಟ್ಟಿ ಕೊಟ್ಟ ಮ್ಯಾಲ, ಹಸಿವು 2, 3. ಎರಡು ರವಿವಾರ ಮಧ್ಯಾಹ್ನದ ಮ್ಯಾಲ. ಉಳದ ಎರಡು ಒಂದ ಮದವಿ ಮನಿ, ಒಂದ ಅಮಾಸಿ ಹೋಳಿಗಿ, ಅವನ್ನ ನಾನು ಕಾಟ ಹೊಡದೆ. ಅಮಾಸಿ ಹೋಳಿಗಿ ತಿಂದದ್ದಕ್ಕ ಯಾರರ ಟ್ರೀಟ್‌ಮೆಂಟ್ ಕೊಡತಾರೇನು.

ಅಂದ್ರ ಹೊರಗಿಂದ ನೋಡಾಕ ಒಂದ ಚಟ, ವಹಿ ಒಳಗ ಮೂರ ಬ್ಯಾರೆ ಬ್ಯಾರೆ ಖಾತೆ. ನಾ ಇಷ್ಟ ದಿನ ಇದನ್ನ ಒಂದ ಗಂಟು ಮಾಡಿ ನೋಡತಿದ್ದೆ ಅನ್ನೋದು ನನಗ ಅವತ್ತ ಹೊಳೀತು, ಸ್ವಲ್ಪ ನಾಚಿಕಿನೂ ಆತು.

ಬ್ಯಾಡಗಿ ಮಾರ್ಕೆಟ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು, ಇಲ್ಲಂದ್ರ ಈ ಕೇಸ್ ತಿಳಿಯಂಗಿಲ್ಲ. ಸೋಮವಾರ ಗುರುವಾರ ಟೆಂಡರ್. ಹಿಂದಿನ ರಾತ್ರಿಂದನ ರಾಯಚೂರು, ಬಳ್ಳಾರಿ, ಅತ್ಲಾಗ ಆಂಧ್ರದ ಕರ್ನೂಲ ತನಕದ ಗಾಡಿ ಬರತಾವ. ಕಡ್ಡಿ, ಡಬ್ಬಿ ಅಂತ ನಮ್ಮ ಬ್ಯಾಡಗಿ ತಳಿ, 2011ರಾಗ ಜಿಐ ಟ್ಯಾಗ್ ಸಿಕ್ಕದ್ದು, ಖಾರ ಕಮ್ಮಿ ಬಣ್ಣ ಭಾಳ, ಬಣ್ಣ ತಗಿಯೋ ಫ್ಯಾಕ್ಟರಿಗೆ ಅದ ಬೇಕು. ಅಂಗಡಿ ಮುಂದ ಚೀಲ ಬಿಚ್ಚಿ ಲಾಟ್ ಹಾಕ್ತಾರ, ಖರೀದಿದಾರ್ರು ಮುಟ್ಟಿ ಮುರದ ನೋಡಕೋತ ಹೋಗ್ತಾರ, ರೇಟು ಆನ್‌ಲೈನ್ ಹಾಕ್ತಾರ, ಮಧ್ಯಾಹ್ನದ ಮ್ಯಾಲ ರೇಟು ಗೊತ್ತಾಗ್ತೈತಿ, ಆಮ್ಯಾಲ ತೂಕ, ಆಮ್ಯಾಲ ಪಟ್ಟಿ. ಪಟ್ಟಿ ಅಂದ್ರ ಇಷ್ಟ ಚೀಲ, ಇಷ್ಟ ತೂಕ, ಇಷ್ಟ ರೇಟು, ಇಷ್ಟ ರೊಕ್ಕ ಅಂತ ರೈತನ ಕೈಗೆ ಕೊಡೋ ಕಾಗದ. ಒಂದ ವರ್ಷದ ದುಡಿಮಿ ಒಂದ ಗೇಣ ಕಾಗದದಾಗ. ಅದನ್ನ ಬರಿಯೋವರು ಇವರು, ಕೊಡೋವರೂ ಇವರ. ರೇಟು ಮಾಡೋರು ಇವರಲ್ಲ, ಆದ್ರ ರೇಟು ಬಿದ್ದಾಗ ಮೊದಲ ಕಾಣೋ ಮಾರಿ ಇವರದು. 2024ರ ಮಾರ್ಚ್‌ನ್ಯಾಗ ರೇಟು ಬಿದ್ದು ಮಾರ್ಕೆಟ್‌ನ್ಯಾಗ ಗಲಾಟಿ ಆಗಿ ಬೆಂಕಿ ಬಿತ್ತಲ್ಲ, ಅವತ್ತಿನಿಂದ ಪಟ್ಟಿ ಕೊಡೋಮುಂದ ಕೈ ತಣ್ಣಗ ಆಗ್ತಾವ ಅಂತ ಹೇಳಿದ್ರು, ಅದೂ ಎರಡನೇ ಭೇಟಿ ಮುಗದು ಎದ್ದು ನಿಂತಾಗ.

ಮೊದಲನೇ ಖಾತೆ ಸಸಾರ. ಅದು ಭಾವನೆದ್ದ ಅಲ್ಲ, ಬರೇ ಹಸಿವು. ಮುಂಜಾನೆ ಎಂಟಕ್ಕ ಒಂದ ಪ್ಲೇಟ್ ಅವಲಕ್ಕಿ ತಿಂದು ಸಂಜೆ ನಾಕೂವರೆ ತನಕ ಏನೂ ಇಲ್ಲ, ಸಾವಕಾರ್ರು ಟೆಂಡರ್ ಮುಗಿಯೋ ತನಕ ಉಣ್ಣಂಗಿಲ್ಲ ಅಂತ ಇವರೂ ಉಣ್ಣಂಗಿಲ್ಲ. ಎಮೋಷನಲ್ ಈಟಿಂಗ್ ಅಂತ ಹೆಸರು ಇಟಗೊಂಡ ಬರೋ ಕೇಸ್‌ನ್ಯಾಗ ಎಷ್ಟೋ ಸರ್ತಿ ಅರ್ಧಾ ಭಾಗ ತಪ್ಪಿದ ಮಧ್ಯಾಹ್ನದ ಊಟನ ಇರತೈತಿ, ಅದನ್ನ ಬಿಟ್ಟು ಮನಸ್ಸು ಮನಸ್ಸು ಅಂತ ಹುಡಕ್ಕೋತ ಕುಂದ್ರತೇವಿ. ಇನ್ನ ಚಹಾ. ಏಳು ಕಪ್, ಕಪ್ಪಿಗೆ ಎರಡ ಚಮಚ ಅಂದ್ರ 14 ಚಮಚ, 55 ಗ್ರಾಂ ಸಕ್ಕರಿ ದಾಟತೈತಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ 2000 ಕ್ಯಾಲರಿ ಊಟಕ್ಕ 50 ಗ್ರಾಂ, 25ರ ಒಳಗಿದ್ರ ಇನ್ನೂ ಚಲೋ. ಮಿರ್ಚಿ ಒಂದನ ಅಪರಾಧಿ ಮಾಡಿದ್ರು ಮನ್ಯಾಗ, ಚಹಾನ ಯಾರೂ ಹಿಡೀಲೇ ಇಲ್ಲ.

ಹನ್ನೆರಡೂವರೆಗೆ, ರೇಟು ಬರೋಕಿಂತ ಮೊದಲ, ಹನ್ನೆರಡ ನಿಮಿಷ ಕುಂತು ಎರಡ ಜ್ವಾಳದ ರೊಟ್ಟಿ, ಮಡಿಕಿಕಾಳ ಪಲ್ಯಾ ಇಲ್ಲಾ ಹೆಸರಕಾಳ ಉಸುಳಿ, ಒಂದ ಡಬ್ಬಿ ಮೊಸರು. ಚಹಾ ನಾಕು, ಸಕ್ಕರಿ ಒಂದ ಚಮಚ. ರಾತ್ರಿ ಬರೇ ಮಜ್ಜಿಗಿ ಕುಡದ ಮಲಗೋದು ಬಂದ್, ಅನ್ನಾ ಬೇಕಂದ್ರ ಒಂದ ಮುಷ್ಟಿ ಅನ್ನಾ ಸಾರು ಉಣ್ರಿ ಅಂದೆ. ಅನ್ನಾ ಅನ್ನೋ ಶಬ್ದ ಕೇಳಿ ಮಾರಿ ಅರಳಿದ್ದು ಇವತ್ತಿಗೂ ನೆನಪೈತಿ. ಒಂದ ವಾರದಾಗ ನಾಕೂವರೆ ವಡಾಪಾವ್ ಹೋತು, ತಾನ ಹೋತು. ಹೆಂಡತಿ ಫೋನ್ ಮಾಡಿ, "ಇಷ್ಟ ಹೇಳಾಕ ಹಾವೇರಿ ತನಕಾ ಬರಬೇಕಾತೇನ್ರೀ ಮೇಡಂ, ನಾ ದಿನಾ ಡಬ್ಬಿ ಕಟ್ಟತೇನಿ ಅಂದ್ರ ಬ್ಯಾಡ ಅಂತಿದ್ರು" ಅಂತ ಬೈದ್ರು. ನನಗೋ ಅವರಿಗೋ ತಿಳೀಲಿಲ್ಲ.

ಎರಡನೇ ಖಾತೆ ಒಳಗ ನಾನ ಬಿದ್ದೆ.

ಟೆನ್ಷನ್ ಇದ್ದಾಗ ತಿನ್ನೋ ಬದಲಿ ವಾಕಿಂಗ್ ಮಾಡ್ರಿ ಅಂತ ಪುಸ್ತಕದಾಗ ಇದ್ದದ್ದನ್ನ ಹೇಳಿದೆ. ಇದರ ಹಿಂದಿನ ಲೆಕ್ಕ ಸರಿನ ಐತಿ. ತಾಸಗಟ್ಲೆ ಒತ್ತಡ ಇದ್ದಾಗ ಮೈಯಾಗ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಏರತೈತಿ, ಅದು ಎಣ್ಣಿ, ಸಕ್ಕರಿ ಕಡೆ ಎಳೀತೈತಿ, ತಿಂದ ಕೂಡ್ಲೆ ಮೆದುಳಿಗೆ ಒಂದ ಸಣ್ಣ ಸಮಾಧಾನ ಸಿಗತೈತಿ, ಹೊತ್ತು ಅದ, ಜಾಗಾ ಅದ, ವಾಸನಿ ಅದ ಆಗಿ ದಿನಾ ಹಿಂಗ ಆದ್ರ ಮೆದುಳು ಆ ದಾರಿ ಕಲತಬಿಡತೈತಿ, ಆಮ್ಯಾಲ ಪಟ್ಟಿ ಪುಸ್ತಕ ಮುಚ್ಚಿದ ಸಪ್ಪಳಕ್ಕನ ಬಾಯಾಗ ನೀರು. ಮ್ಯಾಲ ನಿದ್ದಿ ಬ್ಯಾರೆ ಐದ ತಾಸ, ನಿದ್ದಿ ಕಮ್ಮಿ ಆದ್ರ ಹಸಿವು ಮಾಡೋ ಗ್ರೆಲಿನ್ ಏರತೈತಿ, ಸಾಕು ಅನ್ನೋ ಲೆಪ್ಟಿನ್ ಇಳೀತೈತಿ. ನಡದ್ರ ಇದೆಲ್ಲಾ ಸ್ವಲ್ಪ ಸಡಲಾಗ್ತೈತಿ, ಸುಳ್ಳಲ್ಲ. ಅವರೂ ನಡದ್ರು. ಎರಡ ವಾರದಾಗ ಮೂರ ಸರ್ತಿ ನಡದ್ರು, ನಾಕನೇ ಸರ್ತಿ ನಡಕೋತ ನಡಕೋತ ಸೀದಾ ಮಿರ್ಚಿ ಗಾಡಿ ಮುಂದ ನಿಂತ್ರು. ವಹಿ ಒಳಗ ಬರದಿದ್ರು ನೋಡ್ರಿ, "ಖರ್ಚು: ವಾಕಿಂಗ್ 20 ನಿಮಿಷ, ಮಿರ್ಚಿ 8." ನನಗ ನಗು ಬಂತು, ಅವರಿಗೆ ಬರಲಿಲ್ಲ.

ಆಗ ಕೇಳಿದೆ, ಮೊದಲನೇ ದಿನನ ಕೇಳಬೇಕಾಗಿದ್ದ ಪ್ರಶ್ನಿ. ಆ ಮಿರ್ಚಿ ಬಾಯಾಗ ಇದ್ದಾಗ ಏನ ಆರಾಮ ಸಿಗತೈತ್ರಿ ನಿಮಗ? ರುಚಿ ಅಂತಾರ, ಟೆನ್ಷನ್ ಹೋಗತೈತಿ ಅಂತಾರ ಅಂತ ಮಾಡಿದ್ದೆ. ಭಾಳ ಹೊತ್ತ ಸುಮ್ನ ಕುಂತು ಅಂದ್ರು, "ಬಾಯಿ ಬಂದ್ ಆಗತೈತ್ರಿ."

ತಿಳೀಲಿಲ್ಲ ಅಂದೆ. "ಬಾಯಿ ಖಾಲಿ ಇದ್ರ ಏನರ ಅಂದಬಿಡತೇನಿ ಅಂತ ಅಂಜಿಕಿ. ರೈತಗ ಏನಂತ ಹೇಳ್ಲಿ, ರೇಟು ನನ್ನ ಕೈಯಾಗಿಲ್ಲೋ ಮಾರಾಯಾ ಅಂತ ಹೇಳ್ಲೋ? ಸಾವಕಾರ್ರಿಗೆ ಏನಂತ ಹೇಳ್ಲಿ? ಮನ್ಯಾಗ ಹೇಳಿದ್ರ ಆಕಿ ರಾತ್ರಿ ನಿದ್ದಿ ಮಾಡಂಗಿಲ್ಲ. ಅದಕ್ಕ ಬಾಯಾಗ ತುರಕೋತೇನಿ." ಆಮ್ಯಾಲ ಇನ್ನೊಂದ ಮಾತು ಅಂದ್ರು, ಹಂಗ ಬಾಗಲ ಕಡೆ ನೋಡಕೋತ, ಅವರಪ್ಪನೂ ಇದ ಮಾರ್ಕೆಟ್‌ಗೆ ಮೆಣಸಿನಕಾಯಿ ತರತಿದ್ರಂತ, ಪಟ್ಟಿ ಓದಾಕ ಬರತಿರಲಿಲ್ಲಂತ, ಕಿಂಡಿಯೊಳಗಿಂದ ದಿವಾನಜಿ ಕಾಗದ ಸರಿಸಿದ್ರ ಮಡಚಿ ಕಿಸೆದಾಗ ಇಟಗೊಂಡು ಬಸ್ ಸ್ಟ್ಯಾಂಡ್‌ನ್ಯಾಗ ಮಗನ ಕೈಗೆ ಕೊಟ್ಟು ಓದಪಾ ಅಂತಿದ್ರಂತ.

"ಏನೂ ಅನ್ನಲಿಲ್ಲ, ಮಡಚಿ ಕಿಸೆದಾಗ ಇಟ್ಟ." ವಹಿಯೊಳಗಿನ ಆ ಸಾಲು ಎಲ್ಲಿಂದ ಬಂತು ಅಂತ ಆಗ ತಿಳೀತು.

ಇಲ್ಲೆ ನಾನು ಮಾಡಿದ್ದು ಕಮ್ಮಿ, ಅವರ ಮಾಡಿದ್ದು ಹೆಚ್ಚು. ಬಾಯಿಗೆ ಬ್ಯಾರೆ ಕೆಲಸ ಕೊಡಬೇಕಲ್ಲ, ಕಾಲಿಗೆ ಕೊಟ್ರ ಉಪಯೋಗಿಲ್ಲ ಅಂತ ಅಷ್ಟ ಹೇಳಿದ್ದೆ. ಮುಂದಿನ ಗುರುವಾರದಿಂದ ಪಟ್ಟಿನ ಕಿಂಡಿಯೊಳಗಿಂದ ಸರಿಸೋದು ಬಿಟ್ಟು ರೈತನ್ನ ಒಳಗ ಕರದು ಸ್ಟೂಲ್ ಮ್ಯಾಲ ಕುಂದ್ರಿಸಿ ದನಿ ತಗದು ಓದಿ ಹೇಳಾಕ ಶುರು ಮಾಡಿದ್ರು, ಇಷ್ಟ ಚೀಲ, ಇಷ್ಟ ತೂಕ, ಲಾಟ್ ಇಂಥಾದ್ದು, ರೇಟು ಇಷ್ಟ ಬಂದೈತಿ, ಕಮ್ಮಿ ಬಂದೈತಿ ನನಗೂ ಗೊತ್ತೈತಿ ಅಣ್ಣಾ. ಕಡೀ ಮಾತು ಮುಖ್ಯ. ಒಬ್ಬೊಬ್ಬರಿಗೆ ಎರಡ ನಿಮಿಷ ಹೆಚ್ಚ ಹಿಡೀತೈತಿ, 26 ಪಟ್ಟಿ ಅಂದ್ರ ಹತ್ತಹತ್ರ ಒಂದ ತಾಸ. ಸಾವಕಾರ್ರು ಮೊದಲ ಗೊಣಗಿದ್ರಂತ, ಆಮ್ಯಾಲ ಲೆಕ್ಕದ ತಕರಾರು ತಗೊಂಡ ಫೋನ್ ಬರೋದು ಕಮ್ಮಿ ಆತು ಅಂತ ಸುಮ್ನಾದ್ರಂತ.

ಆಮ್ಯಾಲ ಭಜನಿ. ಹುಡಗ ಇದ್ದಾಗ ಊರಾಗ ಭಜನಾ ಮೇಳದಾಗ ಇದ್ರಂತ, ತಾಳ ಬಾರಸ್ತಿದ್ರಂತ, ಹದಿನೈದ ವರ್ಷ ಆತು ಬಿಟ್ಟು. ಮನಿ ಹತ್ರದ ಈಶ್ವರ ಗುಡಿಯೊಳಗ ಸೋಮವಾರ ರಾತ್ರಿ ಎಂಟಕ್ಕ ಭಜನಿ ನಡೀತೈತಿ, ಮಾರ್ಕೆಟ್ ದಿನನೂ ಸೋಮವಾರ, ಮಿರ್ಚಿ ಹೊತ್ತೂ ಎಂಟು ಗಂಟೆನ. ಇಷ್ಟ ಚಲೋ ಕೂಡಿ ಬಂದದ್ದು ನನ್ನ ಜಾಣತನ ಅಲ್ಲ. ಪದ ಹಾಡಬೇಕಂದ್ರ ಉಸಿರು ಉದ್ದ ಎಳದು ಉದ್ದ ಬಿಡಬೇಕಾಗ್ತೈತಿ, ಹಂಗ ಉದ್ದಕ ಬಿಟ್ಟ ಉಸಿರಿಗೆ ಎದಿ ಬಡತ ಇಳೀತೈತಿ, ಪ್ರಾಣಾಯಾಮ ಹೇಳಿಕೊಡೋವರು ಇದನ್ನ ಹೇಳೋದು. ನಾ ಪ್ರಾಣಾಯಾಮ ಹೇಳಿದ್ರ ಇವರು ಮಾಡತಿರಲಿಲ್ಲ. ಮ್ಯಾಲ ಗುಡಿಯೊಳಗ ಹತ್ತ ಮಂದಿ ಇರತಾರ, ಬಾಯಿ ತುಂಬ ಪದ ಇರತೈತಿ, ಮನಿಗೆ ಬರೋದ್ರಾಗ ಒಂಬತ್ತೂವರೆ, ಹೊಟ್ಟಿ ಹಸದು ಊಟಾ ಕೇಳತೈತಿ.

ಗುರುವಾರ ಮಾತ್ರ ಕಾಡಿತು. ಗುರುವಾರ ಭಜನಿ ಇಲ್ಲ. ಡೈರಿ ಬರೀರಿ ಅಂದೆ, ಒಗದಬಿಟ್ರು, ದಿನಾ ಬರಿಯೋದ ಕೆಲಸ, ಮತ್ತ ಬರಿಯೋದೇನ್ರೀ ಅಂದ್ರು, ಖರೇನ ಐತಿ. ಎಲ್ಲಾ ಆದಮ್ಯಾಲ ರಾಣೆಬೆನ್ನೂರಾಗ ಇರೋ ಅಕ್ಕಗ ಫೋನ್ ಮಾಡೋದು ಹಿಡೀತು. ಅಕ್ಕ ಸಮಾಧಾನ ಹೇಳಾಕಿ ಅಲ್ಲ, ಬಯ್ಯಾಕಿ. "ರೇಟು ಬಿದ್ರ ನೀ ಯಾಕ ಅಳತೀಯೋ, ನಿಂದೇನ ಎಕರೆ ಮೆಣಸಿನಕಾಯಿ ಐತೇನು" ಅಂತಾಳಂತ, ಆಮ್ಯಾಲ ಅಪ್ಪನ ವಿಷಯ ತಗೀತಾಳಂತ, ಇಬ್ಬರೂ ಜಗಳಾಡತಾರಂತ. ಮನಿ ಮಾಳಿಗಿ ಮ್ಯಾಲ ಅಡ್ಡಾಡಕೋತ ಇಪ್ಪತ್ತ ನಿಮಿಷ. ಈಗ ನೋಡ್ರಿ, ನಾ ಹೇಳಿದ ವಾಕಿಂಗೂ ಆತು, ಯಾರೂ ಅದಕ್ಕ ವಾಕಿಂಗ್ ಅನ್ನಂಗಿಲ್ಲ ಅಷ್ಟ. ತಿನ್ನಬೇಕು ಅನ್ನೋ ಸೆಳೆತ ಸಾಮಾನ್ಯವಾಗಿ ಹದಿನೈದ ಇಪ್ಪತ್ತ ನಿಮಿಷದಾಗ ಏರಿ ಇಳೀತೈತಿ, ಅಷ್ಟ ಹೊತ್ತ ದಾಟಸಾಕ ಒಬ್ಬ ಜಗಳಗಂಟಿ ಅಕ್ಕ ಸಾಕು.

ಮೂರನೇ ಖಾತೆ, ರವಿವಾರ. "ಜಮಾ: ಏನೂ ಇಲ್ಲ." ಮಗ ಬೆಂಗಳೂರಾಗ, ಮಾರ್ಕೆಟ್ ಬಂದ್, ಹೆಂಡತಿ ಮಲಗಿರತಾರ, ಟಿವಿ ಮುಂದ ಖಾರಾದ ಡಬ್ಬಿ. ಮನ್ಯಾಗ ಎರಡ ಕೆಜಿ ಖಾರಾ ತಂದು ಸ್ಟೀಲ್ ಡಬ್ಬಿ ತುಂಬಿಸಿ ಇಡತಿದ್ರು, ಸಂತಿಗೆ ಬಂದವರಿಗೆ ಕೊಡಾಕ ಬೇಕಲ್ಲ. ಡಬ್ಬಿ ಅಟ್ಟಕ್ಕ ಹೋತು, ಖಾರಾ ನೂರ ಗ್ರಾಂ ಬಿಡಿ ತರೋದು ಅಂತ ಆತು. ಇದರ ಬದಲಿ ಏನ ಮಾಡಬೇಕು ಅಂತ ಎರಡ ಮೂರು ಹೇಳಿದೆ, ಕುಂಡದಾಗ ಗಿಡ ಹಚ್ಚೋದು, ಸೈಕಲ್, ಒಂದೂ ನಡೀಲಿಲ್ಲ. ಕಡಿಗೆ ನಾನ ಸೋತು ಕೇಳಿದೆ, ರವಿವಾರ ನಿಮಗ ಏನ ಬೇಕ್ರಿ? ಗಿರ್ಮಿಟ್ ಅಂದ್ರು.

ಆತು, ಗಿರ್ಮಿಟ್ ಇರಲಿ. ಷರತ್ತು ಮೂರ: ಮನ್ಯಾಗ ಮಾಡಬೇಕು, ತಾಟಿನ್ಯಾಗ ಹಾಕ್ಕೊಂಡ ಕುಂತು ತಿನ್ನಬೇಕು, ಇಬ್ಬರೂ ಕೂಡಿ ತಿನ್ನಬೇಕು. ಚುರುಮುರಿ, ಉಳ್ಳಾಗಡ್ಡಿ, ಟೊಮೆಟೊ, ಹುಣಸಿಹುಳಿ ಬೆಲ್ಲದ ಒಗ್ಗರಣಿ, ಪುಠಾಣಿ ಹಿಟ್ಟು, ಮ್ಯಾಲ ಹಸಿಕೊತ್ತಂಬ್ರಿ, ಬಾಜೂಕ ಎರಡ ಮಿರ್ಚಿ. ಉಳ್ಳಾಗಡ್ಡಿ ಹೆಚ್ಚೋ ಕೆಲಸ ಅವರದು. ನನ್ನ ಜೋಡಿ ಕೆಲಸ ಮಾಡೋವರು ಕೆಲವರು ಇದನ್ನ ಒಪ್ಪಂಗಿಲ್ಲ, ಎಣ್ಣಿ ಎಣ್ಣಿನ ಅಂತಾರ. ಆದ್ರ ಕತ್ತಲಾಗ ಚೀಲದ ಸಂದಿಯೊಳಗ ನಿಂತು ತಿಂದ ಏಳು ಮಿರ್ಚಿ, ಕಟ್ಟಿ ಮ್ಯಾಲ ಹೆಂಡತಿ ಬಾಜೂ ಕುಂತು ತಿಂದ ಎರಡ ಮಿರ್ಚಿ ಒಂದ ಖಾತೆಕ್ಕ ಹಾಕಾಕ ಬರಂಗಿಲ್ಲ. ನಮ್ಮ ಕಡೆ ಬ್ಯಾಸರಾದ್ರೂ ಮಿರ್ಚಿ, ಮಳಿ ಬಂದ್ರೂ ಮಿರ್ಚಿ, ಬೀಗರು ಬಂದ್ರೂ ಮಿರ್ಚಿ. ಪೂರ್ತಿ ಬಿಡ್ರಿ ಅಂದ್ರ ಊರ ಬಿಡ್ರಿ ಅಂದಂಗ.

ಹೆಂಡತಿಗೆ ಹೊರಗ ತಿನ್ನೋ ವಿಷಯ ಗೊತ್ತಾದದ್ದು ಇಂಥಾದ್ದ ಒಂದ ರವಿವಾರ. ಅವರ ಬಾಯಿಲೆನ ಹೇಳಿದ್ರಂತ. ಆಕಿ ಅಂದದ್ದು, "ಅಂಗಿ ತೊಳಿಯಾಕಿ ನಾನಲ್ಲೇನ್ರೀ, ಎಣ್ಣಿ ಕಲಿ ಎರಡ ವರ್ಷದಿಂದ ಕಾಣತೈತಿ." ಗೊತ್ತಿದ್ದೂ ನನ್ನ ಮುಂದ ಗಾಳಿ ಕುಡದ ದಪ್ಪ ಆಗ್ತಾರೇನ್ರೀ ಅಂತ ಕೇಳಿದ್ರಲ್ಲ, ಅದು ನನಗ ಹಾಕಿದ ಪ್ರಶ್ನಿ ಅಲ್ಲ ಅಂತ ಆಗ ಗೊತ್ತಾತು.

ಮಾರ್ಚ್ ಕಡಿಗೆ ಒಮ್ಮೆ ಬಿದ್ರು. ಆವಕ ಜೋರ, ಒಬ್ಬ ರೈತ ಪಟ್ಟಿ ಓದಿ ಹೇಳಿದ ಮ್ಯಾಲ ಅದನ್ನ ಮುದ್ದಿ ಮಾಡಿ ಇವರ ಎದಿಗೆ ಒಗದನಂತ. ಅವತ್ತ ಗುರುವಾರ. ಅಕ್ಕಗ ಫೋನ್ ಹಚ್ಚಲಿಲ್ಲ. ಗೋಡೌನ್, ಮಿರ್ಚಿ, ಆಮ್ಯಾಲ ಅರ್ಧಾ ಕೆಜಿ ಜಿಲೇಬಿ, ಮೂರ ದಿನ ಹಂಗ ನಡೀತು, ವಹಿ ಖಾಲಿ. ಮುಂದಿನ ಶನಿವಾರ ಬಂದಾಗ ನಾನು ಬಾಯಿ ತಪ್ಪಿ ಎಷ್ಟ ತಿಂದ್ರಿ ಅಂತ ಮೊದಲ ಕೇಳಿಬಿಟ್ಟೆ. ಏನಾತು ಅಂತ ಕೇಳಬೇಕಿತ್ತು. ಅವರ ಮಾರಿ ಮುಚ್ಚಿಕೊಂಡಬಿಡ್ತು, ಹತ್ತ ನಿಮಿಷ ಹೂಂ ಹಾಂ ಬಿಟ್ಟು ಏನೂ ಬರಲಿಲ್ಲ. ಕ್ಷಮಾ ಕೇಳಿ, ಅಂಗಡಿ ಕಿರ್ದಿ ಮೂರ ದಿನ ಬಿದ್ರ ಏನ ಮಾಡತೀರಿ, ವಹಿ ಹರದ ಒಗೀತೀರೇನು ಅಂದೆ. "ಹರಿಯೋದ್ಯಾಕ್ರಿ, ಕುಂತು ತಾಳೆ ಹಾಕತೇವಿ." ಹಂಗಾದ್ರ ಹಾಕ್ರಿ ಅಂದೆ. ಅಲ್ಲೆ ಕುಂತು ಮೂರೂ ದಿನ ಬರದ್ರು, ಜಿಲೇಬಿ ಸಹಿತ.

ಸೆಪ್ಟೆಂಬರ್ ಲೆಕ್ಕ ಹಿಂಗೈತಿ. ತೂಕ 80.5, ಸೊಂಟ 97, ಬಿಪಿ 132/84, ಎಚ್‌ಬಿಎ1ಸಿ 5.8. ಗುಳಗಿ ಶುರು ಆಗಿಲ್ಲ, ಡಾಕ್ಟರ್ ಆರ ತಿಂಗಳಿಗೆ ಮತ್ತ ನೋಡೋಣು ಅಂದಾರ. ಎಂಟ ತಿಂಗಳಿಗೆ ಐದೂವರೆ ಕೆಜಿ ಅಂದ್ರ ಫೋಟೋ ಹಾಕೋವಷ್ಟ ಏನಲ್ಲ, ಇನ್ನೂ ಬಿಎಂಐ 29ರ ಮ್ಯಾಲನ ಐತಿ. ಪಟ್ಟಿ ಮ್ಯಾಲಿನ ಮಿರ್ಚಿ ಎರಡ ವಾರಕ್ಕ ಐದರಿಂದ ಒಂದಕ್ಕ ಬಂತು, ಗೋಡೌನ್ ಪೂರ್ತಿ ನಿಂತಿತು. ನಿದ್ದಿ ಆರೂವರೆ ತಾಸ. ಆದ್ರ ಇದರಾಗ ಒಂದ ಮೋಸ ಐತಿ, ನಾನ ಹೇಳಿಬಿಡತೇನಿ: ಮೇ ದಾಟಿದ ಮ್ಯಾಲ ಆವಕ ಇಳೀತೈತಿ, ಪಟ್ಟಿ ಕಮ್ಮಿ, ಬೈಗಳ ಕಮ್ಮಿ. ಸೆಪ್ಟೆಂಬರ್‌ನ್ಯಾಗ ಮಿರ್ಚಿ ಬಿಟ್ಟದ್ದು ದೊಡ್ಡದಲ್ಲ, ಖರೇ ಪರೀಕ್ಷಾ ಹೊಸಾ ಹಂಗಾಮಿಗೆ ಅಂತ ಅವರಿಗೂ ಹೇಳಿದ್ದೆ, ಅವರೂ ಹೌದ್ರಿ ಅಂದಿದ್ರು.

ಹೊಸಾ ಮಾಲು ಶುರುವಾದ ಮ್ಯಾಲ ಒಂದ ಗುರುವಾರ ರಾತ್ರಿ ಹತ್ತಕ್ಕ ವಾಟ್ಸಾಪ್‌ನ್ಯಾಗ ಕೆಂಪ ವಹಿಯ ಒಂದ ಪುಟದ ಫೋಟೋ ಬಂತು, ಕೆಳಗ ಏನೂ ಬರದಿದ್ದಿಲ್ಲ.

"ಜಮಾ: ಪಟ್ಟಿ 31. ಒಬ್ಬಾವ ಅತ್ತ, ಚಹಾ ಕುಡಿಸಿ ಕಳಿಸಿದೆ. ಹಸಿವು 4. ಖರ್ಚು: ಮಿರ್ಚಿ 2, ಅಕ್ಕ ಫೋನ್ ಎತ್ತಲಿಲ್ಲ. 8.20ಕ್ಕ ಆಕಿನ ಹಚ್ಚಿದ್ಲು, 25 ನಿಮಿಷ. ಮನ್ಯಾಗ ಅನ್ನಾ ಸಾರು."